ಒರಳುಕಲ್ಲಿಗೆ ಚುಕ್ಕಿ ಇಟ್ಟ ಹನ್ನೊಂದು ಸಂಜೆ

ಊರಿನ ಮನೆಯ ಹಿತ್ತಲಲ್ಲಿ ಒಂದು ಒರಳುಕಲ್ಲಿದೆ. ಮನೆಗೆ ಗ್ರೈಂಡರ್ ಬಂದ ಮೇಲೆ ಅದಕ್ಕೆ ಕೆಲಸ ಇಲ್ಲ. ಮಳೆ ನೀರು ನಿಂತಿರುತ್ತದೆ, ಹಕ್ಕಿಗಳು ಬಂದು ಕುಡಿದು ಹೋಗುತ್ತವೆ. ಈ ಸಲ ರಜೆಗೆ ಹೋದಾಗ ಅದರ ಚಿತ್ರ ಬರೆಯಲು ಕೂತೆ. ಪೆನ್ಸಿಲ್‌ನಲ್ಲಿ ಉಜ್ಜಿ ನೆರಳು ಕೊಟ್ಟೆ. ಕಲ್ಲು ನಾದಿದ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೆ ಕಾಣಿಸಿತು. ಅಳಿಸಿ ಮತ್ತೆ ಬರೆದೆ, ಮತ್ತೆ ಅದೇ.

ಮಣೆ ಹಾಕಿಕೊಂಡು ಕಲ್ಲಿನ ಪಕ್ಕದಲ್ಲೇ ಕೂತು ನೋಡಿದಾಗ ಕಾರಣ ಗೊತ್ತಾಯಿತು. ಆ ಕಲ್ಲಿನ ಮೇಲೆ ಗೆರೆ ಅನ್ನುವುದೇ ಇಲ್ಲ. ಇರುವುದೆಲ್ಲ ಚುಕ್ಕಿ. ಕಲ್ಲಿನೊಳಗೆ ಕಪ್ಪು ಅಭ್ರಕದ ಚುಕ್ಕಿ, ಮೇಲೆ ಉಳಿ ಪೆಟ್ಟಿನ ಕುಳಿ. ಹಾಗಾದರೆ ಇದನ್ನು ಚುಕ್ಕಿಯಲ್ಲೇ ಬರೆಯಬೇಕು ಅಂತ ತೀರ್ಮಾನ ಮಾಡಿದೆ. ಹನ್ನೊಂದು ಸಂಜೆ ಹಿಡಿಯಿತು. ಎಲ್ಲಿ ತಪ್ಪಿದೆ, ಹೇಗೆ ಸರಿಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಈ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ.

ಸ್ಟಿಪ್ಲಿಂಗ್ ಅಂದರೆ ಇದೇ. ಬರೀ ಚುಕ್ಕಿ ಇಟ್ಟು ಕಪ್ಪು ಬಿಳುಪಿನ ಎಲ್ಲ ಮಟ್ಟವನ್ನೂ ತರುವುದು. ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್ ಉಜ್ಜಿ ಶೇಡ್ ಮಾಡಬಾರದು, ಬೇಕಾದರೆ ಚುಕ್ಕಿ ಇಡಿ ಅನ್ನುತ್ತಿದ್ದರಲ್ವಾ, ಅದೇ ವಿದ್ಯೆ.

ಪೆನ್ನು, ಕಾಗದ

ಮೊದಲ ಪ್ರಯೋಗ ಪ್ರಿಂಟರ್‌ಗೆ ಹಾಕುವ 75 ಜಿಎಸ್‌ಎಂ (ಒಂದು ಚದರ ಮೀಟರ್‌ಗೆ 75 ಗ್ರಾಂ ತೂಗುವ) ಕಾಗದದ ಮೇಲೆ. ಇಟ್ಟ ಚುಕ್ಕಿ ಸುತ್ತ ಹರಡಿ ಸಣ್ಣ ಜೇಡದ ಹಾಗಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ನಾರಿನ ಗುಂಟ ಶಾಯಿ ಓಡಿದ್ದು ಕಾಣುತ್ತಿತ್ತು. ಹರಡಿದ ಚುಕ್ಕಿಯಲ್ಲಿ ಮಟ್ಟ ಹಿಡಿಯಲು ಆಗುವುದಿಲ್ಲ. ಆಮೇಲೆ ಜಲವರ್ಣಕ್ಕೆ ಬಳಸುವ 300 ಜಿಎಸ್‌ಎಂ ಹಾಟ್ ಪ್ರೆಸ್ ಹಾಳೆ ತಂದೆ. ಇದರ ಮೈ ನುಣುಪು, ಶಾಯಿ ಮೇಲೆಯೇ ನಿಂತು ಒಣಗುತ್ತದೆ. ಅದೇ ಜಲವರ್ಣದ ಕೋಲ್ಡ್ ಪ್ರೆಸ್ ಹಾಳೆ ಬೇಡ. ಅದರ ಉಬ್ಬು ತಗ್ಗಿನ ಮೇಲೆ ಪೆನ್ನಿನ ತುದಿ ಜಾರುತ್ತದೆ. ಜೊತೆಗೆ ಕಾಗದದ ಒರಟು ಬಂದು ಕಲ್ಲಿನ ಒರಟಿನ ಜೊತೆ ಬೆರೆತುಹೋಗುತ್ತದೆ.

ಪೆನ್ನಿನ ಹೆಸರು ಮೈಕ್ರಾನ್. ಅದರ ಮೇಲಿನ ಅಂಕಿ ಗೆರೆಯ ದಪ್ಪ ಹೇಳುತ್ತದೆ. 005 ಅಂದರೆ 0.20 ಮಿ.ಮೀ., 01 ಅಂದರೆ 0.25, 03 ಅಂದರೆ 0.35, 05 ಅಂದರೆ 0.45. ಈ ನಾಲ್ಕು ಸಾಕು. ಇದರ ಶಾಯಿ ಪಿಗ್ಮೆಂಟ್ ಶಾಯಿ, ಒಣಗಿದ ಮೇಲೆ ನೀರು ತಾಗಿದರೂ ಕರಗುವುದಿಲ್ಲ. ಪೆನ್ನನ್ನು ನೆಟ್ಟಗೆ ಹಿಡಿಯಬೇಕು. ಬರೆಯುವಾಗಿನ ಹಾಗೆ ಓರೆ ಹಿಡಿದರೆ ಚುಕ್ಕಿಗೆ ಬಾಲ ಬರುತ್ತದೆ. ಮುಟ್ಟು, ಎತ್ತು, ಅಷ್ಟೇ. ಒತ್ತಬಾರದು. ನಾನು ಎರಡನೇ ದಿನ ಒತ್ತಿ ಒತ್ತಿ ಒಂದು 005 ಪೆನ್ನಿನ ತುದಿಯನ್ನು ಒಳಗೆ ಕೂರಿಸಿಬಿಟ್ಟೆ. ಅದು ಆಮೇಲೆ 0.3ರ ಹತ್ತಿರದ ದಪ್ಪ ಚುಕ್ಕಿ ಕೊಡತೊಡಗಿತು. ಬಿಸಾಡಲಿಲ್ಲ. ನೆರಳಿನ ಭಾಗಕ್ಕೆ ಅದನ್ನೇ ಇಟ್ಟುಕೊಂಡೆ.

ಕೈ ಕೆಳಗೆ ಯಾವಾಗಲೂ ಒಂದು ಬಿಳಿ ಕಾಗದದ ತುಂಡು ಇರಲಿ. ಬೆವರು ತಾಗಿದ ಜಾಗದಲ್ಲಿ ಮಾರನೇ ದಿನ ಚುಕ್ಕಿ ಇಟ್ಟರೆ ಹರಡುತ್ತದೆ.

ಛಾಯೆ ಪಟ್ಟಿ

ಮೂಲ ಹಾಳೆ ಮುಟ್ಟುವ ಮುಂಚೆ ಅದೇ ಕಾಗದದ ಅಂಚಿನ ತುಂಡಿನಲ್ಲಿ ಒಂದು ಸೆಂ.ಮೀ. ಚೌಕಗಳನ್ನು ಹಾಕಿಕೊಂಡೆ. ಒಂದೊಂದು ಚೌಕಕ್ಕೂ ಒಂದೊಂದು ಮಟ್ಟ. ಲೆಕ್ಕ ನನಗೆ ಇಷ್ಟ, ಹಾಗಾಗಿ ಅದನ್ನೂ ಮಾಡಿದೆ.

0.25 ಮಿ.ಮೀ. ಚುಕ್ಕಿಯ ವಿಸ್ತೀರ್ಣ ಸುಮಾರು 0.049 ಚದರ ಮಿ.ಮೀ. ಸಾಸಿವೆ ಉದುರಿಸಿದ ಹಾಗೆ ಎಲ್ಲೆಂದರಲ್ಲಿ ಬೀಳುತ್ತವೆ ಅಂದುಕೊಳ್ಳೋಣ. ಆಗ ಒಂದು ಚದರ ಸೆಂ.ಮೀ. ಜಾಗದಲ್ಲಿ ಶೇ. 10ರಷ್ಟು ಕಪ್ಪು ಬರಲು 215 ಚುಕ್ಕಿ ಬೇಕು. ಶೇ. 50 ಬರಲು ಸುಮಾರು 1,400. ಶೇ. 75 ಬರಲು 2,800. ಅರ್ಧ ಕಪ್ಪಿನಿಂದ ಮುಕ್ಕಾಲಿಗೆ ಹೋಗಲು ಅಷ್ಟೇ ಚುಕ್ಕಿಯನ್ನು ಮತ್ತೊಮ್ಮೆ ಇಡಬೇಕು. ಯಾಕೆಂದರೆ ಹೊಸ ಚುಕ್ಕಿಗಳಲ್ಲಿ ಎಷ್ಟೋ ಹಳೆಯದರ ಮೇಲೇ ಬೀಳುತ್ತವೆ. ಉಳಿದ ಬಿಳುಪಿನಲ್ಲಿ ಅರ್ಧ ಮಾತ್ರ ಹೋಗುತ್ತದೆ. ಕೈಯಿಂದ ಸಂದಿ ನೋಡಿ ಇಟ್ಟರೆ ಲೆಕ್ಕ ಇದಕ್ಕಿಂತ ಕಮ್ಮಿ ಬರುತ್ತದೆ, ಆದರೆ ದಾರಿ ಇದೇ. ತಿಳಿ ಜಾಗದಲ್ಲಿ ಹತ್ತು ಚುಕ್ಕಿ ಹೆಚ್ಚಾದರೂ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಜಾಗದಲ್ಲಿ ನೂರು ಇಟ್ಟರೂ ಏನೂ ಆದ ಹಾಗೆ ಕಾಣುವುದಿಲ್ಲ. ಅದಕ್ಕೇ ಗಾಢ ನೆರಳಿಗೆ ದಪ್ಪ ಪೆನ್ನು ಬೇಕು. 0.45ರ ಪೆನ್ನಿನಲ್ಲಿ ಅದೇ ಅರ್ಧ ಕಪ್ಪಿಗೆ 435 ಚುಕ್ಕಿ ಸಾಕು.

ಒಂದು ಸೆಕೆಂಡಿಗೆ ಎರಡು ಚುಕ್ಕಿ ನನ್ನ ವೇಗ. ಅಂದರೆ 1,400 ಚುಕ್ಕಿಗೆ ಹೆಚ್ಚು ಕಡಿಮೆ 12 ನಿಮಿಷ, ಅದೂ ಒಂದು ಬೆರಳುಗುರಿನಷ್ಟು ಜಾಗಕ್ಕೆ. ಚಿತ್ರವನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ತೀರ್ಮಾನ ಆದದ್ದು ಈ ಲೆಕ್ಕದಿಂದಲೇ. ಎ3 ಹಾಳೆ ತಂದಿದ್ದೆ. ಅದನ್ನು ಮಡಚಿ ಹರಿದು ಎ4 ಮಾಡಿಕೊಂಡೆ. ಕಲ್ಲು ಅದರಲ್ಲಿ ಅಂಗೈಯಷ್ಟು.

ರಂಗೋಲಿ ಕೈ

ಮೊದಲ ಸುತ್ತು ತೆಳುವಾಗಿ ಎಲ್ಲ ಕಡೆ ಚುಕ್ಕಿ ಇಟ್ಟೆ. ಒಂದು ಗಂಟೆ ಆದ ಮೇಲೆ ಹಾಳೆಯನ್ನು ಗೋಡೆಗೆ ಒರಗಿಸಿ ದೂರ ಹೋಗಿ ನೋಡಿದೆ. ಕಲ್ಲಿನ ಮೇಲೆ ಸೊಳ್ಳೆ ಪರದೆ ಹೊದಿಸಿದ ಹಾಗಿತ್ತು. ಚುಕ್ಕಿಗಳು ತಮ್ಮಷ್ಟಕ್ಕೆ ತಾವೇ ಸಾಲಾಗಿ ನಿಂತಿದ್ದವು. ಚಿಕ್ಕಂದಿನಿಂದ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕಿದ ಕೈ ಇದು. ಅಲ್ಲಿ ಸಾಲು ತಪ್ಪಿದರೆ ಎಳೆ ಕೂಡುವುದಿಲ್ಲ. ಹಾಗಾಗಿ ಒಂದು ಚುಕ್ಕಿ ಇಟ್ಟ ಕೂಡಲೇ ಬೆರಳು ಅಷ್ಟೇ ದೂರದಲ್ಲಿ ಇನ್ನೊಂದನ್ನು ಹುಡುಕುತ್ತದೆ. ಇಲ್ಲಿ ಅದೇ ಶತ್ರು. ಮೂರು ಚುಕ್ಕಿ ಒಂದು ನೇರಕ್ಕೆ ಬಂದರೆ ಸಾಕು, ಕಣ್ಣು ಅದನ್ನು ಗೆರೆ ಅಂತ ಓದಿಬಿಡುತ್ತದೆ. ಹತ್ತು ಬಂದರೆ ಇರುವೆ ಸಾಲು.

ಸರಿಹೋದದ್ದು ನೋಡುವ ಕ್ರಮ ಬದಲಾಯಿಸಿದ ಮೇಲೆ. ಈಗ ಇಟ್ಟ ಚುಕ್ಕಿಯನ್ನು ನೋಡಬಾರದು, ಖಾಲಿ ಜಾಗವನ್ನು ನೋಡಬೇಕು. ಸುತ್ತಮುತ್ತ ಎಲ್ಲಿ ಬಿಳುಪು ಜಾಸ್ತಿ ಇದೆಯೋ ಅಲ್ಲಿಗೆ ಮುಂದಿನ ಚುಕ್ಕಿ. ಹತ್ತು ನಿಮಿಷಕ್ಕೊಮ್ಮೆ ಹಾಳೆಯನ್ನು ಸ್ವಲ್ಪ ತಿರುಗಿಸಿದರೆ ಕೈ ಒಂದೇ ದಿಕ್ಕಿಗೆ ಓಡುವ ಅಭ್ಯಾಸವೂ ತಪ್ಪುತ್ತದೆ. ಈ ತಿರುಗಿಸುವುದರಿಂದಲೇ ಮುಂದೆ ನನಗೆ ಒಂದು ದೊಡ್ಡ ತೊಂದರೆ ಆಯಿತು, ಅದನ್ನು ಆಮೇಲೆ ಹೇಳುತ್ತೇನೆ.

ದೂರದಿಂದ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಸಾಮಾನ್ಯ ದೃಷ್ಟಿ ಇರುವವರಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 0.3 ಮಿ.ಮೀ.ಗಿಂತ ಚಿಕ್ಕ ಸಂದಿ ಕಾಣುವುದಿಲ್ಲ, ಎರಡು ಚುಕ್ಕಿ ಒಂದಾಗಿಬಿಡುತ್ತವೆ. ಚುಕ್ಕಿ ಹೋಗಿ ಛಾಯೆ ಆಗುವುದು ಅಲ್ಲಿಂದಲೇ. ಮೂಗಿನ ಕೆಳಗೆ ಹಿಡಿದು ನೋಡುತ್ತಾ ಇದ್ದರೆ ಬರೀ ಚುಕ್ಕಿ ಕಾಣುತ್ತದೆ, ಕಲ್ಲು ಕಾಣುವುದಿಲ್ಲ.

ಪತ್ರಿಕೆಯಲ್ಲಿ ಅಚ್ಚಾಗುವ ಫೋಟೊವನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲೂ ಚುಕ್ಕಿಯೇ. ಆದರೆ ಅದು ನಮ್ಮ ಕೆಲಸದ ತದ್ವಿರುದ್ಧ. ಅಲ್ಲಿ ಚುಕ್ಕಿಗಳು ರಂಗೋಲಿಯಂತೆ ಸರಿಯಾದ ಸಾಲಿನಲ್ಲಿ ಇರುತ್ತವೆ, ಕಪ್ಪು ಬೇಕಾದಲ್ಲಿ ಚುಕ್ಕಿಯೇ ದಪ್ಪ ಆಗುತ್ತದೆ. ಕೈಕೆಲಸದಲ್ಲಿ ಚುಕ್ಕಿ ಹೆಚ್ಚು ಕಡಿಮೆ ಒಂದೇ ಗಾತ್ರ, ನಡುವಿನ ಸಂದಿ ಮಾತ್ರ ಕುಗ್ಗುತ್ತದೆ, ಹಿಗ್ಗುತ್ತದೆ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಜನರ ಮುಖಗಳನ್ನು ಚುಕ್ಕಿ ಮತ್ತು ಸಣ್ಣ ಗೆರೆಯಲ್ಲಿ ಬರೆದು ಹಾಕುತ್ತಾರೆ. 1979ರಲ್ಲಿ ಕೆವಿನ್ ಸ್ಪ್ರೌಲ್ಸ್ ಶುರು ಮಾಡಿದ ಶೈಲಿ ಅದು. ಅದರಲ್ಲಿ ಕೆನ್ನೆಯ ಮೇಲಿನ ಚುಕ್ಕಿಗಳು ಬೇಕೆಂದೇ ಸಾಲಾಗಿ, ಕೆನ್ನೆಯ ಉಬ್ಬನ್ನು ಬಳಸಿಕೊಂಡು ಹೋಗುತ್ತವೆ. ಅಂದರೆ ಸಾಲು ಯಾವಾಗಲೂ ತಪ್ಪಲ್ಲ. ತಿಳಿಯದೆ ಬಂದ ಸಾಲು ತಪ್ಪು.

ಕುಳಿ ಗುಳ್ಳೆಯಾದದ್ದು

ಐದನೇ ಸಂಜೆಗೆ ಒರಳಿನ ಹೊರಮೈಯ ಉಳಿ ಪೆಟ್ಟು ಬರೆಯತೊಡಗಿದೆ. ಇದು ಚಿತ್ರದ ಜೀವ. ಹತ್ತಿರದಿಂದ ನೋಡಿದರೆ ಒಂದೊಂದು ಪೆಟ್ಟೂ ಮೆಂತ್ಯದ ಕಾಳಿನಷ್ಟು ಕುಳಿ. ಒಂದು ಕಡೆ ಆಳ, ಇನ್ನೊಂದು ಕಡೆ ಮೇಲಕ್ಕೆ ಜಾರಿದ ಹಾಗೆ. ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ತೆಗೆದ ಫೋಟೊ ಪಕ್ಕದಲ್ಲಿತ್ತು. ಬೆಳಕು ಎಡಗಡೆ ಮೇಲಿನಿಂದ. ಎರಡು ಗಂಟೆ ಕೂತು ಮೂವತ್ತು ನಲವತ್ತು ಕುಳಿ ಬರೆದೆ. ಎದ್ದು ದೂರ ಹೋಗಿ ನೋಡಿದರೆ ಅರ್ಧಕ್ಕರ್ಧ ಕುಳಿಗಳು ಕುಳಿ ಆಗಿರಲೇ ಇಲ್ಲ. ಹಪ್ಪಳ ಕರಿದಾಗ ಏಳುವ ಗುಳ್ಳೆಯ ಹಾಗೆ ಹೊರಗೆ ಉಬ್ಬಿ ನಿಂತಿದ್ದವು.

ಕಾರಣ ಹುಡುಕಲು ರಾತ್ರಿ ಊಟ ಆಗುವವರೆಗೂ ಬೇಕಾಯಿತು. ಬೆಳಕು ಎಡಗಡೆಯಿಂದ ಬಂದರೆ ಕುಳಿಯ ಎಡ ಗೋಡೆಯೇ ನೆರಳಲ್ಲಿರುತ್ತದೆ. ಬೆಳಕು ಅದನ್ನು ದಾಟಿ ಹೋಗಿ ಬಲ ಗೋಡೆಗೆ ಬೀಳುತ್ತದೆ. ಉಬ್ಬಿಗೆ ಇದರ ಉಲ್ಟಾ, ಎಡ ಬೆಳಕು, ಬಲ ನೆರಳು. ನಾನು ಇದನ್ನು ಸರಿಯಾಗಿಯೇ ಶುರು ಮಾಡಿದ್ದೆ. ಆದರೆ ಸಾಲು ಬರಬಾರದು ಅಂತ ಹಾಳೆ ತಿರುಗಿಸುತ್ತಾ ತಿರುಗಿಸುತ್ತಾ ಒಂದು ಹಂತದಲ್ಲಿ ಅದು ಪೂರ್ತಿ ತಲೆಕೆಳಗಾಗಿತ್ತು. ಕೈ ಮಾತ್ರ ಎಡಗಡೆಗೇ ಕಪ್ಪು ಇಡುತ್ತಾ ಹೋಗಿದೆ. ಹಾಳೆಯನ್ನು ತಲೆಕೆಳಗಾಗಿ ಹಿಡಿದೆ. ಗುಳ್ಳೆಗಳೆಲ್ಲ ಕುಳಿಯಾದವು, ಕುಳಿಗಳೆಲ್ಲ ಗುಳ್ಳೆಯಾದವು. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ಮೊದಲೇ ಅಂದುಕೊಂಡಿರುತ್ತದೆ, ಅದಕ್ಕೆ ಹೀಗೆ.

ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ದಪ್ಪ ಬಾಣ ಹಾಕಿದೆ, ಬೆಳಕು ಬರುವ ದಿಕ್ಕಿಗೆ. ಅವತ್ತಿನಿಂದ ಪ್ರತಿ ಕುಳಿಗೂ ಮುಂಚೆ ಬಾಣ ನೋಡುವುದು ರೂಢಿಯಾಯಿತು.

ಹಾಳಾದ ಕುಳಿಗಳ ರಿಪೇರಿ ಹೀಗೆ. ಶಾಯಿ ಪೂರ್ತಿ ಒಣಗಲು ಒಂದು ದಿನ ಬಿಟ್ಟೆ. ಹೊಸ ಬ್ಲೇಡನ್ನು ಕಾಗದಕ್ಕೆ ಮಲಗಿಸಿದ ಹಾಗೆ ಹಿಡಿದು, ಕೆರೆಯದೆ, ಮೇಲಿನ ಪದರ ಮಾತ್ರ ಸವರಿದೆ. 300 ಜಿಎಸ್‌ಎಂ ಕಾಗದ ಆದ್ದರಿಂದ ತಡೆಯಿತು, ತೆಳು ಹಾಳೆಯಾಗಿದ್ದರೆ ತೂತು ಬೀಳುತ್ತಿತ್ತು. ಎದ್ದ ನಾರನ್ನು ಒಂದು ಕಾಗದ ಮುಚ್ಚಿ ಚಮಚದ ಬೆನ್ನಿನಿಂದ ಉಜ್ಜಿ ಕೂರಿಸಿದೆ. ಇಷ್ಟಾದರೂ ಶಾಯಿ ಹೀರದ ಹಾಗೆ ಕಾಗದಕ್ಕೆ ಹಾಕಿರುವ ಅಂಟು ಪದರ ಆ ಜಾಗದಲ್ಲಿ ಹೋಗಿರುತ್ತದೆ, ಅಲ್ಲಿ ಮತ್ತೆ ಚುಕ್ಕಿ ಇಟ್ಟರೆ ಹರಡುತ್ತದೆ. ಹಾಗಾಗಿ ಸವರಿದ್ದು ಕುಳಿಯ ಬೆಳಕಿನ ಗೋಡೆ ಬೀಳುವ ಕಡೆ ಮಾತ್ರ. ಅಲ್ಲಿ ಹೇಗೂ ಚುಕ್ಕಿ ಬೇಕಿರಲಿಲ್ಲ. ಎದುರು ಗೋಡೆಗೆ 01ರಲ್ಲಿ ಹೊಸದಾಗಿ ನೆರಳು ಕೊಟ್ಟೆ. ಹದಿನೆಂಟು ಕುಳಿ ಹೀಗೆ ತಿರುವಿ ಹಾಕಿದೆ. ಬಿಳಿ ಜೆಲ್ ಪೆನ್ನಿನಲ್ಲಿ ಮುಚ್ಚುವುದನ್ನೂ ಚೂರು ಕಾಗದದಲ್ಲಿ ನೋಡಿದ್ದೆ. ಅದರ ಬಿಳುಪು ಕಾಗದದ ಬಿಳುಪಿಗಿಂತ ಬೇರೆ, ಓರೆಯಾಗಿ ನೋಡಿದರೆ ಮಿಂಚುತ್ತದೆ. ನನಗೆ ಹಿಡಿಸಲಿಲ್ಲ.

ಛಾಯೆ ಬೇರೆ, ಮೈ ಬೇರೆ

ಅಮ್ಮ ಹಿಂದೆ ಬಂದು ನಿಂತು ನೋಡುತ್ತಿದ್ದರು. "ಬಾಯಿ ಒಳಗೂ ಹಿಂಗೇ ಚುಚ್ಚಿಬಿಟ್ಟಿದೀಯಲ್ಲೇ. ಅಲ್ಲಿ ನುಣ್ಣಗಾಗಿರಲ್ವಾ?"

"ಅಲ್ಲೂ ಉಳಿ ಪೆಟ್ಟು ಇತ್ತಲ್ಲಮ್ಮ?"

"ಇತ್ತು. ರುಬ್ಬೀ ರುಬ್ಬೀ ಸವೀತಿತ್ತು. ನುಣ್ಣಗಾದ್ರೆ ಅಕ್ಕಿ ನುರಿಯಲ್ಲ ಕಣೇ, ಜಾರುತ್ತೆ. ಅದಕ್ಕೇ ಕಲ್ಲು ಕುಟ್ಟೋರು ಬೀದೀಲಿ ಬಂದಾಗ ಕರೆದು ಕುಟ್ಟಿಸ್ತಿದ್ವಿ. ಕೊನೇಲಿ ಕುಟ್ಟಿಸಿ ಎಷ್ಟು ವರ್ಷ ಆಯ್ತೋ."

ಹೋಗಿ ಒರಳಿನ ಬಾಯಿಯೊಳಗೆ ಕೈ ಹಾಕಿ ಸವರಿ ನೋಡಿದೆ. ಹೌದು, ಗಾಜಿನಷ್ಟು ನುಣುಪು. ಹೊರಗಡೆ ಅದೇ ಕಲ್ಲು ಅಂಗೈಗೆ ತರಚುತ್ತದೆ.

ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಇದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿಯ ಒಳಗಿನ ನೆರಳೂ ಹೊರಗಿನ ನೆರಳೂ ಒಂದೇ ಮಟ್ಟದ ಕಪ್ಪು. ಎರಡು ಕಡೆಗೂ ಒಂದು ಚದರ ಸೆಂ.ಮೀ.ಗೆ ಸುಮಾರು ಅಷ್ಟೇ ಚುಕ್ಕಿ ಬೇಕು. ಆದರೆ ನುಣುಪಿಗೆ ಆ ಚುಕ್ಕಿಗಳು ಸಮನಾಗಿ ಹರಡಬೇಕು. ಒಂದೇ ಪೆನ್ನು, ಒಂದೇ ಗಾತ್ರ, ಎಲ್ಲೂ ಗುಂಪು ಕಟ್ಟಬಾರದು, ತಿಳಿಯಿಂದ ಕಪ್ಪಿಗೆ ನಿಧಾನವಾಗಿ ಇಳಿಯಬೇಕು. ಒರಟಿಗೆ ಅವೇ ಚುಕ್ಕಿ ಗುಂಪುಗುಂಪಾಗಬೇಕು. ಒಂದು ಕಡೆ ಕಿಕ್ಕಿರಿದು, ಪಕ್ಕದಲ್ಲೇ ಒಂದಿಷ್ಟು ಬಿಳುಪು ಬಿಟ್ಟು, ನಡುನಡುವೆ 03ರ ದಪ್ಪ ಚುಕ್ಕಿ. ಚುಕ್ಕಿ ಎಷ್ಟು ಅನ್ನುವುದು ಛಾಯೆ. ಹೇಗೆ ಕೂತಿವೆ ಅನ್ನುವುದು ಮೈ. ನಾನು ಅಷ್ಟು ದಿನ ಎರಡನ್ನೂ ಒಂದೇ ಅಂದುಕೊಂಡು ಒರಟು ಬೇಕಾದಲ್ಲೆಲ್ಲ ಕಪ್ಪು ಜಾಸ್ತಿ ಮಾಡುತ್ತಿದ್ದೆ. ಬಿಸಿಲು ಬಿದ್ದ ಕಡೆಯೂ ಕಲ್ಲು ಒರಟೇ ತಾನೇ? ಅಲ್ಲಿ ಒಂದು ಚದರ ಸೆಂ.ಮೀ.ಗೆ ಇನ್ನೂರು ಚುಕ್ಕಿಯಲ್ಲೇ ಒರಟು ತೋರಿಸಬೇಕು. ಎಂಟು ಹತ್ತು ಚುಕ್ಕಿಯ ಸಣ್ಣ ಸಣ್ಣ ಗುಂಪು ಮಾಡಿ, ನಡುವೆ ಕಾಗದ ಬಿಟ್ಟರೆ ಆಗುತ್ತದೆ.

ಬಾಯಿಯೊಳಗೆ ಚುಚ್ಚಿದ್ದ ಕುಳಿಗಳನ್ನು ಅಳಿಸಲಿಲ್ಲ. ಅವುಗಳ ನಡುವಿನ ಬಿಳುಪನ್ನು 005ರಲ್ಲಿ ಒಂದೊಂದಾಗಿ ತುಂಬಿ ಸುತ್ತಲಿನ ಮಟ್ಟಕ್ಕೆ ತಂದೆ. ಎರಡು ಸಂಜೆ ಹಿಡಿಯಿತು. ಬಾಯಿ ನಾನು ಅಂದುಕೊಂಡಿದ್ದಕ್ಕಿಂತ ಒಂದು ಮಟ್ಟ ಕಪ್ಪಾಯಿತು, ಆದರೆ ನುಣುಪು ಬಂತು. ಆ ಆಳ ಈಗ ನನಗೆ ಇಷ್ಟ.

ಅಮ್ಮ ಕಲ್ಲು ಕುಟ್ಟುವವರ ಮಾತು ಆಡಿದಾಗ ಇನ್ನೊಂದು ವಿಷಯ ನೆನಪಾಯಿತು. ಚುಕ್ಕಿಯಲ್ಲಿ ಛಾಯೆ ತರುವುದು ಪೆನ್ನಿನಿಂದ ಶುರುವಾದದ್ದಲ್ಲ. 16ನೇ ಶತಮಾನದ ಶುರುವಿನಲ್ಲೇ ಇಟಲಿಯ ಜೂಲಿಯೋ ಕಂಪನ್ಯೋಲ ತಾಮ್ರದ ತಗಡಿನ ಮೇಲೆ ಸಣ್ಣ ಸಣ್ಣ ಚುಕ್ಕಿ ಕೊರೆದು, ಕುಳಿಗಳಲ್ಲಿ ಶಾಯಿ ತುಂಬಿ ಅಚ್ಚು ತೆಗೆಯುತ್ತಿದ್ದರು. ಅಲ್ಲೂ ಕುಳಿ ಹತ್ತಿರ ಇದ್ದಷ್ಟೂ ಅಚ್ಚು ಕಪ್ಪು. ಒರಳು ಕುಟ್ಟುವವರ ಉಳಿಯ ಕೆಲಸಕ್ಕೂ ಅದಕ್ಕೂ ಅಷ್ಟೇನೂ ದೂರ ಇಲ್ಲ ಅನ್ನಿಸಿತು.

ಅಂಚು, ನೆಲದ ನೆರಳು, ಗೂಟ

ಅಂಚಿಗೆ ಗೆರೆ ಎಳೆಯಬೇಡಿ. ನಾನು ಪೆನ್ಸಿಲ್ ಗೆರೆಯನ್ನೂ ಒತ್ತಿ ತೆಗೆಯುವ ಮೆತ್ತನೆಯ ರಬ್ಬರಿನಿಂದ ಕಂಡೂ ಕಾಣದ ಹಾಗೆ ತೆಳು ಮಾಡಿಕೊಂಡೇ ಚುಕ್ಕಿ ಇಟ್ಟೆ. ಬಿಸಿಲಿನ ಕಡೆ ಕಲ್ಲಿನ ಅಂಚು ತೋರಿಸಿದ್ದು ಹಿಂದಿನ ಗೋಡೆಯ ತೆಳು ಚುಕ್ಕಿಗಳು. ಕಲ್ಲಿನ ಒಳಗೆ ಅಲ್ಲಿ ಏನೂ ಇಲ್ಲ, ಬರೀ ಕಾಗದ. ಅದೇ ಬಿಸಿಲು.

ನೆಲದ ನೆರಳಿಗೆ 05. ಕಲ್ಲು ನೆಲಕ್ಕೆ ತಾಗುವಲ್ಲಿ ಕಿಕ್ಕಿರಿದು, ಹೊರಗೆ ಹೋದ ಹಾಗೆ ಸಡಿಲ ಆಗಬೇಕು. ಒಂದೇ ಸಂಜೆಯಲ್ಲಿ ಮುಗಿಯಿತು, ಹೆಚ್ಚು ಹೇಳುವಂಥದ್ದಿಲ್ಲ. ಒಂದು ಮಾತು ಮಾತ್ರ. ದಣಿದಾಗ ನೆರಳು ಮುಟ್ಟಬೇಡಿ. ಇಪ್ಪತ್ತೈದು ನಿಮಿಷ ಆದ ಮೇಲೆ ಕೈ ಚುಕ್ಕಿ ಇಡುವುದನ್ನು ಬಿಟ್ಟು ಗೀಚತೊಡಗುತ್ತದೆ. ಟೈಮರ್ ಇಟ್ಟುಕೊಂಡು ಕೂತೆ. ಶಬ್ದ ಬಂದಾಗಲೆಲ್ಲ ಎದ್ದು ಕೈ ಕೊಡವಿ, ನೀರು ಕುಡಿದು ಬಂದೆ.

ಒರಳಿನಲ್ಲಿ ರುಬ್ಬುವ ಗುಂಡುಕಲ್ಲಿನ ತಲೆಗೆ ಹೊಡೆದ ಮರದ ಗೂಟವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಇಲ್ಲಿ ಸಾಲು ಬೇಕು. ಮರದ ಎಳೆ ಉದ್ದುದ್ದ ಹೋಗುತ್ತದಲ್ಲ, ಚುಕ್ಕಿಗಳೂ ಅದರ ಗುಂಟವೇ ಹೋಗಬೇಕು. ನಡುವೆ ಬಿರುಕು ಇದ್ದಲ್ಲಿ ಚುಕ್ಕಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ಇಷ್ಟು ದಿನ ತಡೆದಿಟ್ಟಿದ್ದ ರಂಗೋಲಿ ಕೈಯನ್ನು ಇಲ್ಲಿ ಬಿಟ್ಟೆ. ಕಲ್ಲಿನ ಪಕ್ಕದಲ್ಲಿ ಮರ ಮರವಾಗಿಯೇ ಕಾಣಿಸಿತು. ಒಂದೇ ಶಾಯಿ, ಒಂದೇ ಕಪ್ಪು, ಕೂತ ಕ್ರಮ ಮಾತ್ರ ಬೇರೆ. ಈ ಬೆರಳಗಲದ ಜಾಗ ಬರೆದಾಗ ಆದಷ್ಟು ಖುಷಿ ಇಡೀ ಚಿತ್ರದಲ್ಲಿ ಬೇರೆಲ್ಲೂ ಆಗಲಿಲ್ಲ.

ಹನ್ನೊಂದನೇ ಸಂಜೆ ಪೆನ್ಸಿಲ್ ಗುರುತು, ಬಾಣ ಎಲ್ಲ ಅಳಿಸಿ, ಚಿತ್ರವನ್ನು ಅಡುಗೆಮನೆಯ ಕಪಾಟಿಗೆ ಒರಗಿಸಿಟ್ಟೆ. ಒಟ್ಟು ಇಪ್ಪತ್ತು ಗಂಟೆಗಿಂತ ಸ್ವಲ್ಪ ಜಾಸ್ತಿ ಕೂತಿದ್ದೇನೆ. ನನ್ನ ವೇಗದ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಮೀರಿ ಚುಕ್ಕಿ. ಅಮ್ಮ ಕೈ ಒರೆಸಿಕೊಂಡು ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೂಟದ ಬುಡಕ್ಕೆ ಬೆರಳು ತೋರಿಸಿದರು.

"ಇದು ಯಾವಾಗ್ಲೂ ಸಡಿಲ ಇರ್ತಿತ್ತು. ನಿಮ್ಮಜ್ಜಿ ರುಬ್ಬೋ ಮುಂಚೆ ಸಂದಿಗೆ ಬಟ್ಟೆ ಚೂರು ತುರುಕ್ತಿದ್ರು. ಅದು ಕಾಣಿಸ್ತಾನೇ ಇಲ್ಲ."

ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನೋಡಿದೆ. ಗೂಟಕ್ಕೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇತ್ತು, ಬಲಗಡೆಗೆ ಸ್ವಲ್ಪ ಅಗಲ. ಒಳಗೆ ಬಂದು 005 ತೆಗೆದು, ಗೂಟದ ಬುಡದ ಸುತ್ತ ಇಪ್ಪತ್ತಾರು ಚುಕ್ಕಿ ಇಟ್ಟೆ.